ನಾಲ್ಕು ಜಿಪಿಎಸ್ ವೆಸ್ಟ್, ಒಂದು ನೋಟ್‌ಬುಕ್: ಇಡೀ ಸೀಸನ್ ಬಳಸಿದ ಮೇಲೆ

ಡಬ್ಲಿನ್ನಿನ ಒಂದು ಸಣ್ಣ ರಗ್ಬಿ ಕ್ಲಬ್ಬಿನ ಮಹಿಳಾ ತಂಡಕ್ಕೆ ನಾನು ಫಿಸಿಯೋ. ಹಗಲು ಆಸ್ಪತ್ರೆ ಕೆಲಸ. ಮಂಗಳವಾರ, ಗುರುವಾರದ ಸಂಜೆ ಮತ್ತು ಭಾನುವಾರದ ಮ್ಯಾಚು ಕ್ಲಬ್ಬಿಗೆ. ಅದಕ್ಕೆ ಸಂಬಳವಿಲ್ಲ. ಕಳೆದ ಸೆಪ್ಟೆಂಬರ್‌ನಲ್ಲಿ ತಂಡಕ್ಕೆ ನಾಲ್ಕು ಜಿಪಿಎಸ್ ವೆಸ್ಟ್, ಅಂದರೆ ಆಟಗಾರ್ತಿ ಎಷ್ಟು ದೂರ, ಎಷ್ಟು ವೇಗವಾಗಿ ಓಡಿದಳು ಅಂತ ಅಳೆಯುವ ಬನಿಯನ್ನು, ತಂದೆವು. ದುಡ್ಡು ಹೊಂದಿಸಿದ್ದು ತಿಂಡಿ ಮಾರಿ. ಎರಡು ಶನಿವಾರ ನಸುಕಿನಲ್ಲೇ ಎದ್ದು ನಾನು ಹದಿನೈದು ಡಬ್ಬ ಕೋಡುಬಳೆ ಕರಿದೆ, ಉಳಿದವರು ಕೇಕು, ಸ್ಕೋನು ಮಾಡಿ ತಂದರು. ಹಾಗಾಗಿ ಇದಕ್ಕೆ ಕೊಟ್ಟ ಒಂದೊಂದು ಯೂರೋ ಎಲ್ಲಿಂದ ಬಂತು ಅಂತ ನನಗೆ ಗೊತ್ತಿದೆ. ಬೆಂಗಳೂರು, ಮೈಸೂರಿನಲ್ಲಿ ಹಾಕಿ, ಫುಟ್‌ಬಾಲ್, ರಗ್ಬಿ ತಂಡಗಳನ್ನು ನೋಡಿಕೊಳ್ಳುವ ಗೆಳೆಯರು "ಇದನ್ನ ತಗೊಳ್ಳಬಹುದಾ?" ಅಂತ ಕೇಳುತ್ತಲೇ ಇದ್ದಾರೆ. ಮುಖ್ಯವಾಗಿ ಅವರಿಗಾಗಿ ಬರೆಯುತ್ತಿದ್ದೇನೆ. ಕಂಪನಿಯ ಹೆಸರು ಹೇಳುವುದಿಲ್ಲ. ನನ್ನ ದೂರುಗಳಲ್ಲಿ ಹೆಚ್ಚಿನವು ಈ ಜಾತಿಯ ಸಾಮಾನಿನ ಮೇಲೆಯೇ ಇವೆ, ಒಂದು ಅಂಗಡಿಯ ಮೇಲಲ್ಲ.

ಈ ಆಸೆ ತಲೆಗೆ ಹೊಕ್ಕಿದ್ದು 2022ರ ಜುಲೈನಲ್ಲಿ, ಐರ್ಲೆಂಡ್ ತಂಡ ನ್ಯೂಜಿಲೆಂಡ್ ಪ್ರವಾಸಕ್ಕೆ ಹೋದಾಗ. ಅಲ್ಲಿ ಸಂಜೆ ಏಳು ಗಂಟೆ ಐದು ನಿಮಿಷ ಎಂದರೆ ಇಲ್ಲಿ ಬೆಳಗ್ಗೆ ಎಂಟು ಗಂಟೆ ಐದು ನಿಮಿಷ. ಮೂರು ಶನಿವಾರ ಉಪ್ಪಿಟ್ಟಿನ ತಟ್ಟೆ ಹಿಡಿದು ಟಿವಿ ಮುಂದೆ ಕೂತಿದ್ದೆ. ಜುಲೈ 2ರಂದು ಆಕ್ಲೆಂಡಿನ ಈಡನ್ ಪಾರ್ಕ್‌ನಲ್ಲಿ ಮೊದಲ ಟೆಸ್ಟ್ (ರಗ್ಬಿಯಲ್ಲಿ ಎರಡು ದೇಶಗಳ ನಡುವಿನ ಪಂದ್ಯಕ್ಕೆ ಹಾಗನ್ನುತ್ತಾರೆ). 1994ರಿಂದ ಅಲ್ಲಿಯವರೆಗೆ ಆಲ್ ಬ್ಲ್ಯಾಕ್ಸ್, ಅಂದರೆ ನ್ಯೂಜಿಲೆಂಡ್ ತಂಡ, ಸೋಲದೇ ಇದ್ದ ಮೈದಾನ ಅದು. ಅರ್ಧ ಆಟಕ್ಕೇ ನ್ಯೂಜಿಲೆಂಡ್ 28-5ರಿಂದ ಮುಂದೆ, ಮುಗಿದಾಗ 42-19. ನಮ್ಮ ಬೀದಿಯ ಹಿರಿಯರೊಬ್ಬರು, ಮಳೆ ಇರಲಿ ಚಳಿ ಇರಲಿ ಮ್ಯಾಚಿಗೆ ಬರುವವರು, ಅವತ್ತು ಗೇಟಿನ ಹತ್ತಿರ ಸಿಕ್ಕು "ಮತ್ತೆ 2012 ಬಂತು" ಅಂದರು. ಅವರು ಹೇಳಿದ್ದು ನನಗೆ ಆಮೇಲೆ ಅರ್ಥವಾಯಿತು. 2012ರಲ್ಲಿ ಇದೇ ರೀತಿ ಮೂರು ಟೆಸ್ಟ್ ಆಡಲು ಹೋದ ಐರ್ಲೆಂಡ್, ಕ್ರೈಸ್ಟ್‌ಚರ್ಚ್‌ನಲ್ಲಿ ಎರಡನೇ ಟೆಸ್ಟನ್ನು 22-19ರಿಂದ, ಬರೀ ಮೂರು ಅಂಕದಿಂದ ಸೋತಿತ್ತು. ಅದರ ಮುಂದಿನ ಶನಿವಾರ ಹ್ಯಾಮಿಲ್ಟನ್‌ನಲ್ಲಿ 60-0ರ ಸೋಲು. ಏಳೇ ದಿನದ ಅಂತರ. ಫಿಸಿಯೋ ಕಣ್ಣಿನಿಂದ ನೋಡಿದರೆ ಅದು ಬುದ್ಧಿ ಕೈಕೊಟ್ಟ ಮ್ಯಾಚಲ್ಲ, ಮೈ ಕೈಕೊಟ್ಟ ಮ್ಯಾಚು. ಹಿಂದಿನ ಸೆಪ್ಟೆಂಬರ್‌ನಲ್ಲಿ ಅದೇ ನ್ಯೂಜಿಲೆಂಡಿನಲ್ಲಿ ವಿಶ್ವಕಪ್ಪಿನಿಂದ ಶುರುವಾದ ಸೀಸನ್ನು, ಅವರು ಜೂನ್ 23ಕ್ಕೂ ಆಡುತ್ತಲೇ ಇದ್ದರು.

2022ರಲ್ಲಿ ಹಾಗಾಗಲಿಲ್ಲ. ಜುಲೈ 9ರಂದು ಡನೀಡಿನ್‌ನಲ್ಲಿ 23-12, ನ್ಯೂಜಿಲೆಂಡ್ ವಿರುದ್ಧ ಅವರದೇ ನೆಲದಲ್ಲಿ ಐರ್ಲೆಂಡಿಗೆ ಸಿಕ್ಕ ಮೊಟ್ಟಮೊದಲ ಗೆಲುವು. ಜುಲೈ 16ರಂದು ವೆಲಿಂಗ್ಟನ್‌ನಲ್ಲಿ 32-22, ಸರಣಿಯೇ ಕೈಗೆ ಬಂತು. ಆ ಮೂರನೇ ಟೆಸ್ಟಿನಲ್ಲಿ ಅರ್ಧಕ್ಕೆ 22-3ರಿಂದ ಮುಂದಿದ್ದವರು ಆಮೇಲೆ 25-22ಕ್ಕೆ ಇಳಿದರು. ಆ ಹೊತ್ತಿನಲ್ಲಿ ನಾನು ತಟ್ಟೆ ಕೆಳಗಿಟ್ಟು ಎದ್ದು ನಿಂತಿದ್ದೆ. ಸುಸ್ತಾದ ತಂಡ ಕುಸಿಯುವುದು ಇಂಥ ಕಡೆಯಲ್ಲೇ. ಅವರು ಕುಸಿಯಲಿಲ್ಲ. ಚೆಂಡನ್ನು ಲೈನ್‌ಔಟ್‌ಗೆ (ಬದಿ ಗೆರೆಯಿಂದ ಚೆಂಡೆಸೆದು ಆಟ ಮತ್ತೆ ಶುರುಮಾಡುವುದು) ಒದ್ದು, ಅಲ್ಲಿಂದ ಮಾಲ್ (ಚೆಂಡು ಹಿಡಿದವನನ್ನು ಸುತ್ತುಗಟ್ಟಿ ತಳ್ಳುವ ಗುಂಪು) ಕಟ್ಟಿ, ಎಂಟೂ ಜನ ಒಂದೇ ಮೈಯಾಗಿ ತಳ್ಳಿಕೊಂಡು ಹೋದರು. ರಾಬ್ ಹೆರಿಂಗ್ ಗೆರೆಯಾಚೆ ಚೆಂಡನ್ನು ನೆಲಕ್ಕೊತ್ತಿ ಟ್ರೈ ಇಟ್ಟ. ಟೆಸ್ಟುಗಳ ನಡುವೆ ಆಡಿದ ಬೇರೆ ಎರಡು ಪಂದ್ಯ ಸೇರಿ ಹದಿನೆಂಟು ದಿನದಲ್ಲಿ ಐದನೇ ಮ್ಯಾಚು ಅದು. ಅಷ್ಟು ಕೊನೆಯಲ್ಲಿ ತಳ್ಳುವ ಶಕ್ತಿ ಎಲ್ಲಿ ಉಳಿದಿತ್ತು?

ಅವರ ಜರ್ಸಿಯ ಹಿಂದೆ, ಎರಡು ಹೆಗಲುಮೂಳೆಗಳ ನಡುವೆ ಒಂದು ಉಬ್ಬು ಕಾಣುತ್ತದೆ. ಜಿಪಿಎಸ್ ಡಬ್ಬಿ ಅದು. ಉತ್ತರ ಆ ಉಬ್ಬಿನಲ್ಲಿದೆ ಎಂದುಕೊಂಡೆ.

ಈಗ ಸಾಮಾನಿನ ವಿಷಯಕ್ಕೆ ಬರುತ್ತೇನೆ. ವೆಸ್ಟ್ ಅಂದರೆ ಎದೆಯವರೆಗೆ ಮಾತ್ರ ಬರುವ ಬಿಗಿ ಬನಿಯನ್ನು, ಬೆನ್ನಿನ ಮೇಲ್ಭಾಗದಲ್ಲಿ ಒಂದು ಜೇಬು. ಜೇಬಿನೊಳಗೆ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡ ಡಬ್ಬಿ. ಅದು ಸೆಕೆಂಡಿಗೆ ಹತ್ತು ಸಲ ಉಪಗ್ರಹಗಳಿಂದ ತಾನೆಲ್ಲಿದ್ದೇನೆ ಅಂತ ತಿಳಿದುಕೊಳ್ಳುತ್ತದೆ. ಒಳಗಿನ ಅಕ್ಸೆಲೆರೋಮೀಟರ್ ಮೈಗೆ ಬಿದ್ದ ಧಕ್ಕೆಗಳನ್ನು ಎಣಿಸುತ್ತದೆ. ಆಟ ಮುಗಿದ ಮೇಲೆ ಫೋನಿಗೆ ಜೋಡಿಸಿದರೆ ಒಟ್ಟು ಎಷ್ಟು ಓಡಿದರು, ಅದರಲ್ಲಿ ಜೋರಾಗಿ ಓಡಿದ್ದೆಷ್ಟು, ಗರಿಷ್ಠ ವೇಗ ಎಷ್ಟು, ಎಷ್ಟು ಸಲ ಗಕ್ಕನೆ ನಿಂತರು, ಎಲ್ಲ ಬರುತ್ತದೆ. ಒಂದಕ್ಕೆ 220 ಯೂರೋ, ನಾಲ್ಕಕ್ಕೆ 880. ಇಡೀ ತಂಡದ ಲೆಕ್ಕವನ್ನು ಒಂದೇ ಪರದೆಯಲ್ಲಿ ನೋಡಬೇಕೆಂದರೆ ಎರಡನೇ ವರ್ಷದಿಂದ ಬೇರೆ ಚಂದಾ. ಈ ಚಂದಾ ವಿಷಯ ಬಿಲ್ಲಿನ ಹಿಂದಿನ ಸಣ್ಣಕ್ಷರದಲ್ಲಿತ್ತು, ಕೊಳ್ಳುವಾಗ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ನೀವು ಕೇಳಿ ಬರೆಸಿಕೊಳ್ಳಿ.

ಇದರಿಂದ ಆದ ಒಂದು ದೊಡ್ಡ ಉಪಕಾರವನ್ನು ಮೊದಲು ಹೇಳಿಬಿಡುತ್ತೇನೆ. ನಮ್ಮ ಎಡ ವಿಂಗರ್‌ಗೆ (ಮೈದಾನದ ಅಂಚಿನಲ್ಲಿ ಓಡುವವಳು) ಅಕ್ಟೋಬರ್‌ನಲ್ಲಿ ತೊಡೆಯ ಹಿಂದಿನ ಸ್ನಾಯು ಹರಿದಿತ್ತು. ಏಳು ವಾರ ಕಷ್ಟಪಟ್ಟು ಸರಿಮಾಡಿದೆವು: ಸೇತುವೆ ವ್ಯಾಯಾಮ, ಆಮೇಲೆ ಹಿಮ್ಮಡಿ ಹಿಡಿಸಿಕೊಂಡು ಮುಂದಕ್ಕೆ ಬಾಗುವ ನಾರ್ಡಿಕ್, ಆಮೇಲೆ ಓಟ. "ಅಕ್ಕಾ, ನಾನು ಪೂರ್ತಿ ಸ್ಪೀಡಲ್ಲಿ ಓಡ್ತಿದೀನಿ" ಅನ್ನುವ ಅರ್ಥದಲ್ಲಿ ಅವಳು ಪ್ರತಿ ಸಲವೂ ಹೆಬ್ಬೆರಳೆತ್ತಿ ತೋರಿಸುವಳು. ವೆಸ್ಟ್ ಹೇಳುತ್ತಿದ್ದುದೇ ಬೇರೆ. ಗಾಯಕ್ಕೆ ಮುಂಚೆ ಅವಳ ಗರಿಷ್ಠ ವೇಗ ಗಂಟೆಗೆ 27 ಕಿಲೋಮೀಟರ್. ಈಗ 22ರ ಆಚೆ ಹೋಗುತ್ತಿರಲಿಲ್ಲ. ಕಾಲು ವಾಸಿಯಾಗಿತ್ತು, ಹೆದರಿಕೆ ವಾಸಿಯಾಗಿರಲಿಲ್ಲ. 22ರಲ್ಲೇ ತರಬೇತಿ ಮುಗಿಸಿ ಭಾನುವಾರ ಮೈದಾನಕ್ಕಿಳಿದು, ಎದುರಾಳಿ ಅಟ್ಟಿಸಿಕೊಂಡು ಬಂದಾಗ ಒಮ್ಮೆಲೇ 27ಕ್ಕೆ ಹಾರಿದರೆ ಸ್ನಾಯು ಅಲ್ಲೇ ಮತ್ತೆ ಹರಿಯುತ್ತದೆ. ಎರಡು ವಾರ ಹೆಚ್ಚಿಗೆ ತೆಗೆದುಕೊಂಡೆವು. ಪ್ರತಿ ಗುರುವಾರ ನಾಲ್ಕೇ ನಾಲ್ಕು ಓಟ, ಒಂದೊಂದು ಓಟಕ್ಕೂ ಸುಮಾರು ಅರ್ಧ ಕಿಲೋಮೀಟರ್ ವೇಗ ಹೆಚ್ಚು. 26.4 ತೋರಿಸಿದ ಸಂಜೆ ಅವಳಿಗೆ ನಾನೇ ಫೋನ್ ಕೊಟ್ಟು "ನೋಡು" ಅಂದೆ. ಸೀಸನ್ ಮುಗಿಯುವ ತನಕ ಆ ಕಾಲು ಮತ್ತೆ ತೊಂದರೆ ಕೊಡಲಿಲ್ಲ. ಕಣ್ಣಳತೆಯಲ್ಲಿ ಈ ಕೆಲಸ ನನ್ನಿಂದ ಆಗುತ್ತಿರಲಿಲ್ಲ. ಬರೀ ಇದಕ್ಕಾಗಿಯೇ ಒಂದು ವೆಸ್ಟ್ ಕೊಂಡರೂ ದಂಡವಲ್ಲ.

ಇನ್ನು ದೂರುಗಳು. ಮೊದಲನೆಯದು ಹೊಲಿಗೆ. ಗಂಡಸರ ಎದೆಗೆ ಅಳೆದು, ಅಳತೆ ಮಾತ್ರ ಚಿಕ್ಕದು ಮಾಡಿ ಕೊಟ್ಟಿದ್ದಾರೆ. ನಮ್ಮವರು ಒಳಗೆ ಸ್ಪೋರ್ಟ್ಸ್ ಬ್ರಾ ಹಾಕಿ ಮೇಲೆ ಇದನ್ನು ಏರಿಸಬೇಕು. ಎರಡರ ಪಟ್ಟಿಯೂ ಒಂದೇ ಜಾಗದಲ್ಲಿ ಕೂತು, ಕಂಕುಳ ಕೆಳಗೆ ಎಂಬತ್ತು ನಿಮಿಷ ಉಜ್ಜಿ ಚರ್ಮ ಕೆಂಪಾಗುತ್ತದೆ. ಮೊದಲ ತಿಂಗಳು ನಾನು ಹೆಚ್ಚು ಬಳಸಿದ ಔಷಧಿ ವ್ಯಾಸಲೀನು. ಕಂಪನಿಗೆ ಬರೆದೆ. ಒಂಬತ್ತು ದಿನದ ಮೇಲೆ ಉತ್ತರ ಬಂತು: ಒಂದು ಸೈಜ್ ದೊಡ್ಡದು ಹಾಕಿ. ದೊಡ್ಡದು ಹಾಕಿದರೆ ಡಬ್ಬಿ ಬೆನ್ನಿಗೆ ಅಂಟಿ ಕೂರುವುದಿಲ್ಲ, ಓಡುವಾಗ ಕುಣಿಯುತ್ತದೆ, ಕುಣಿದ ಡಬ್ಬಿ ಕೊಡುವ ಲೆಕ್ಕ ಲೆಕ್ಕವೇ ಅಲ್ಲ. ಇದನ್ನು ಬರೆದು ಕಳಿಸಿದ್ದಕ್ಕೆ ಉತ್ತರವೇ ಬರಲಿಲ್ಲ. ಕೊನೆಗೆ ನಮ್ಮ ಹುಕರ್ (ಮುಂದಿನ ಸಾಲಿನ ನಡುವೆ ಆಡುವವಳು) ಒಬ್ಬಳ ತಾಯಿ, ಹೊಲಿಗೆ ಬಲ್ಲವರು, ಜೇಬನ್ನು ಮಾತ್ರ ಬಿಚ್ಚಿ ಬ್ರಾ ಹಿಂಭಾಗಕ್ಕೇ ಸೇರಿಸಿ ಹೊಲಿದುಕೊಟ್ಟರು. ಈಗ ನಾಲ್ಕರಲ್ಲಿ ಮೂರು ಹಾಗೇ ಇವೆ, ಯಾರಿಗೂ ಉಜ್ಜುವುದಿಲ್ಲ. ಮಹಿಳಾ ತಂಡಕ್ಕೆ ಮಾರುವವರು ಇಷ್ಟು ಕೆಲಸ ತಾವೇ ಮಾಡಿ ಕೊಡಬೇಕಿತ್ತು. ಈ ಮಾತನ್ನು ಕೋಪದಿಂದಲೇ ಹೇಳುತ್ತಿದ್ದೇನೆ.

ಎರಡನೆಯದು, ಸುಳ್ಳು ಅಂಕಿ. ನಮ್ಮ ತರಬೇತಿ ಮೈದಾನದ ಒಂದು ಬದಿ ಎತ್ತರದ ಕಟ್ಟಡಕ್ಕೆ ತಾಗಿಕೊಂಡಿದೆ. ಆ ಬದಿಯಲ್ಲಿ ಆಡಿದಾಗ ಉಪಗ್ರಹದ ಸಂಪರ್ಕ ತಪ್ಪಿ ಸಿಕ್ಕಿ ಆಗುತ್ತದೆ. ಒಂದು ಸಂಜೆ ನಮ್ಮ ಪ್ರಾಪ್, ಅಂದರೆ ಓಟಕ್ಕಿಂತ ತಳ್ಳುವುದೇ ಮುಖ್ಯ ಕೆಲಸವಾದ ಮುಂದಿನ ಸಾಲಿನವಳು, ಗಂಟೆಗೆ 39 ಕಿಲೋಮೀಟರ್ ವೇಗದಲ್ಲಿ ಓಡಿದಳು ಅಂತ ಬಂತು. ಒಲಿಂಪಿಕ್ಸ್ ಮಟ್ಟದ ವೇಗ ಅದು. ಇದು ಎದ್ದು ಕಾಣುವ ತಪ್ಪು, ಅಳಿಸಿಹಾಕಬಹುದು. 21 ಇದ್ದದ್ದು 24 ಅಂತ ಬಂದರೆ ಹೇಗೆ ಗೊತ್ತಾಗಬೇಕು? ಅದಕ್ಕೇ ವೇಗದ ಓಟಗಳನ್ನು ಈಗ ಕಟ್ಟಡದಿಂದ ದೂರದ ಬದಿಯಲ್ಲೇ ಮಾಡಿಸುತ್ತೇನೆ. ಡಬ್ಬಿಯನ್ನು ಆಟಕ್ಕೆ ಹತ್ತು ನಿಮಿಷ ಮುಂಚೆಯೇ ಆನ್ ಮಾಡಿ ಬಯಲಲ್ಲಿ ಇಡುತ್ತೇನೆ. ಆಟ ಮುಗಿದ ಮೇಲೆ ಫೋನಿಗೆ ಇಳಿಸಲು ಒಂದೊಂದಕ್ಕೂ ಆರೇಳು ನಿಮಿಷ. ಡಿಸೆಂಬರ್ ರಾತ್ರಿ, ಕಾರ್ ಪಾರ್ಕಿಂಗಿನಲ್ಲಿ, ಬೆರಳು ಮರಗಟ್ಟಿರುವಾಗ ನಾಲ್ಕು ಡಬ್ಬಿ ಅಂದರೆ ಅರ್ಧ ಗಂಟೆ. ಇಪ್ಪತ್ತಿದ್ದರೆ ಇದಕ್ಕೇ ಒಬ್ಬರನ್ನು ಇಡಬೇಕಾಗುತ್ತದೆ, ದೇಶದ ತಂಡಗಳು ಇಟ್ಟಿರುವ ಹಾಗೆ.

ಮೂರನೆಯದು ಎಲ್ಲಕ್ಕಿಂತ ದೊಡ್ಡದು: ಸ್ಕ್ರಮ್ ಇದರ ಕಣ್ಣಿಗೆ ಬೀಳುವುದೇ ಇಲ್ಲ. ಎಂಟು ಜನ ಎಂಟು ಜನಕ್ಕೆ ಹೆಗಲು ಕೊಟ್ಟು ತಳ್ಳುತ್ತಾರೆ. ಮುಂದಿನ ಸಾಲಿನ ಪ್ರಾಪ್‌ನ ಕತ್ತು, ಬೆನ್ನು, ಮೀನಖಂಡ ನಡುಗುತ್ತಿರುತ್ತವೆ. ಡಬ್ಬಿಯ ಪ್ರಕಾರ ಅವಳು ನಿಂತಲ್ಲೇ ನಿಂತಿದ್ದಾಳೆ: ಸೊನ್ನೆ ಮೀಟರ್. ಮ್ಯಾಚಿನ ಕೊನೆಯಲ್ಲಿ ವಿಂಗರ್‌ಗೆ 6 ಕಿಲೋಮೀಟರ್, ಪ್ರಾಪ್‌ಗೆ 3.6. ಪರದೆ ನೋಡಿದವರಿಗೆ ಪ್ರಾಪ್ ಅರ್ಧ ದಿನ ರಜೆ ಹಾಕಿದ ಹಾಗೆ ಕಾಣುತ್ತದೆ. ದುಬಾರಿ ಡಬ್ಬಿಗಳಲ್ಲಿ ಸ್ಕ್ರಮ್ಮನ್ನು ಗುರುತಿಸಿ ಎಣಿಸುವ ಏರ್ಪಾಡು ಉಂಟು, ನಮ್ಮದರಲ್ಲಿ ಇಲ್ಲ. ಇದ್ದರೂ ಎಷ್ಟು ಸಲ ಅಂತ ಎಣಿಸಬಹುದು; ಎದುರಿನವಳು ಎಷ್ಟು ಭಾರವಾಗಿ ಒರಗಿದಳು ಅಂತ ಹೇಗೆ ತೂಗುತ್ತಾರೆ?

ಇಲ್ಲೇ ನನಗೆ ಐರ್ಲೆಂಡಿನ ಆ ಪ್ರವಾಸ ಮತ್ತೆ ನೆನಪಾಗಿದ್ದು. ಈ ಸಲ ಬೇರೆ ಕಣ್ಣಿನಿಂದ ನೋಡಿದೆ. ಕೋಚ್ ಆ್ಯಂಡಿ ಫ್ಯಾರೆಲ್ ಕರೆದೊಯ್ದದ್ದು 40 ಜನರ ತಂಡ. ಅದರಲ್ಲಿ ಐವರು ಅಲ್ಲಿಯವರೆಗೆ ದೇಶಕ್ಕೆ ಒಂದು ಟೆಸ್ಟೂ ಆಡದವರು. ಮೂರು ಶನಿವಾರದ ಟೆಸ್ಟುಗಳ ಜೊತೆಗೆ ವಾರದ ನಡುವೆ ಮಾವೋರಿ ಆಲ್ ಬ್ಲ್ಯಾಕ್ಸ್ (ನ್ಯೂಜಿಲೆಂಡಿನ ಮಾವೋರಿ ಮೂಲದ ಆಟಗಾರರ ತಂಡ) ವಿರುದ್ಧ ಎರಡು ಮ್ಯಾಚು. ಜೂನ್ 29ರಂದು ಹ್ಯಾಮಿಲ್ಟನ್‌ನಲ್ಲಿ 32-17ರಿಂದ ಸೋಲು, ಜುಲೈ 12ರಂದು ವೆಲಿಂಗ್ಟನ್‌ನಲ್ಲಿ 30-24ರಿಂದ ಗೆಲುವು. ಆ ಮಧ್ಯದ ಮ್ಯಾಚುಗಳ ಭಾರವನ್ನು ಹೊತ್ತವರು ಮುಖ್ಯವಾಗಿ ಮೀಸಲು ಆಟಗಾರರು, ಹೊಸಬರು. ಶನಿವಾರದ ಎಂಟು ಫಾರ್ವರ್ಡ್‌ಗಳು, ಅಂದರೆ ಸ್ಕ್ರಮ್ಮಿನಲ್ಲಿ ತಳ್ಳುವವರು, ಮಾತ್ರ ಮೂರೂ ಟೆಸ್ಟಿಗೆ ಅವರೇ: ಪೋರ್ಟರ್, ಶೀಹನ್, ಫರ್ಲಾಂಗ್, ಬೇರ್ನ್, ರಯನ್, ಓ'ಮಾಹನಿ, ವಾನ್ ಡರ್ ಫ್ಲಿಯರ್, ಡೋರಿಸ್. ಒಂದು ಹೆಸರೂ ಬದಲಾಗಲಿಲ್ಲ. ನಾಯಕ ಜಾನಿ ಸೆಕ್ಸ್ಟನ್‌ಗೆ ಜುಲೈ 11ಕ್ಕೆ 37 ತುಂಬಿತು. ಆ ಸೋಮವಾರದ ಎರಡೂ ಕಡೆಯ ಶನಿವಾರ ಅವನು ಟೆಸ್ಟ್ ಆಡಿ ಗೆದ್ದ. ಅಂದರೆ ಕೋಚ್‌ಗಳು ಎಲ್ಲರ ಮೇಲೂ ಒಂದೇ ಭಾರ ಹೊರಿಸಲಿಲ್ಲ. ಯಾರ ಮೈ ಶನಿವಾರಕ್ಕೆ ಬೇಕೋ ಅವರನ್ನು ವಾರದ ನಡುವೆ ಉಳಿಸಿಟ್ಟರು. ಅದಕ್ಕೂ ಮುಂಚೆ, ಊರಿನಲ್ಲೇ, ಮುಖ್ಯ ಆಟಗಾರರು ಪ್ರಾಂತ್ಯದ ತಂಡಕ್ಕೆ ವರ್ಷಕ್ಕೆ ಎಷ್ಟು ಆಡಬೇಕು, ಯಾವಾಗ ಬಿಡುವು ಅನ್ನುವುದರಲ್ಲಿ ರಾಷ್ಟ್ರೀಯ ಒಕ್ಕೂಟದ ಕೈ ಇರುತ್ತದೆ, ಏಕೆಂದರೆ ಅವರಲ್ಲಿ ಹಲವರ ಕರಾರು ಒಕ್ಕೂಟದ ಜೊತೆಗೇ.

ಆ ಪ್ರವಾಸದಲ್ಲೂ ಕೊರತೆ ಬಿದ್ದದ್ದು ಎಲ್ಲಿ ಗೊತ್ತಾ? ಪ್ರಾಪ್‌ಗಳಲ್ಲಿ. ಹಿಂದೆ ಡಬ್ಲಿನ್ ಕಡೆಯ ಪ್ರಾಂತ್ಯದ ತಂಡ ಲೆನ್‌ಸ್ಟರ್‌ಗೆ, ಐರ್ಲೆಂಡಿಗೆ ಆಡಿ, ನ್ಯೂಜಿಲೆಂಡಿನ ತನ್ನೂರು ಟಾರನಾಕಿಗೆ ಮರಳಿದ್ದ ಪ್ರಾಪ್ ಮೈಕೆಲ್ ಬೆಂಟ್‌ಗೆ ಅಲ್ಲಿಂದಲೇ ಕರೆ ಹೋಯಿತು. ದೇಶದ ತಂಡಕ್ಕೇ ಹೀಗಾದರೆ, ಒಂದೂವರೆ ಪ್ರಾಪ್ ಇಟ್ಟುಕೊಂಡ ನಮ್ಮ ಕ್ಲಬ್ಬಿನ ಪಾಡೇನು?

ನೋಟ್‌ಬುಕ್ಕಿನ ಕಥೆ ಶುರುವಾಗುವುದು ಇಲ್ಲಿಂದ. ಆ್ಯಪ್‌ನಲ್ಲಿ ಒಂದು ಬಣ್ಣದ ಮೀಟರ್ ಇದೆ. ಈ ವಾರ ಮಾಡಿದ ಕೆಲಸವನ್ನು ಕಳೆದ ನಾಲ್ಕು ವಾರದ ಸರಾಸರಿಯಿಂದ ಭಾಗಿಸುತ್ತದೆ. 0.8ರಿಂದ 1.3ರೊಳಗೆ ಇದ್ದರೆ ಹಸಿರು, 1.5 ದಾಟಿದರೆ ಕೆಂಪು, ಗಾಯವಾದೀತು ಹುಷಾರು ಅಂತ. ಟಿಮ್ ಗ್ಯಾಬೆಟ್ ಅನ್ನುವ ಆಸ್ಟ್ರೇಲಿಯಾದ ಸಂಶೋಧಕರು 2016ರಲ್ಲಿ ಬರೆದ ಲೇಖನದಿಂದ ಈ ಅಂಕಿಗಳು ಎಲ್ಲ ಕಡೆ ಹಬ್ಬಿದವು. ಭಾರ ಮೆಲ್ಲಗೆ ಏರಿಸಿ, ಒಮ್ಮೆಲೇ ಹೇರಬೇಡಿ ಅನ್ನುವ ಅದರ ತಿರುಳು ನನಗೆ ಇವತ್ತಿಗೂ ಸರಿಯೆನಿಸುತ್ತದೆ. ಆದರೆ ಆ ಭಾಗಾಕಾರದ ಮೇಲೆ ಆಮೇಲೆ ಬಂದ ಆಕ್ಷೇಪಣೆಗಳೂ ಗಟ್ಟಿಯಾಗಿವೆ: ಈ ವಾರದ ಲೆಕ್ಕ ಮೇಲೂ ಇದೆ, ಕೆಳಗಿನ ಸರಾಸರಿಯಲ್ಲೂ ಸೇರಿದೆ, ಅಂಕಿ ಹಸಿರಲ್ಲಿ ಇಟ್ಟರೆ ಗಾಯ ತಪ್ಪುತ್ತದೆ ಅನ್ನುವುದಕ್ಕೆ ಆಧಾರವಿಲ್ಲ. ಆ್ಯಪ್ ಇದ್ಯಾವುದನ್ನೂ ಹೇಳುವುದಿಲ್ಲ. ಬಣ್ಣ ತೋರಿಸಿ ಸುಮ್ಮನಾಗುತ್ತದೆ, ನೋಡುವವರು ಅದನ್ನು ಜ್ಯೋತಿಷ್ಯದಂತೆ ನಂಬುತ್ತಾರೆ.

ಈಸ್ಟರ್‌ಗೆ ನಾವೂ ಒಂದು ಪ್ರವಾಸ ಹೋದೆವು, ವೇಲ್ಸ್‌ಗೆ. ಡಬ್ಲಿನ್ ಬಂದರಿನಿಂದ ಹೋಲಿಹೆಡ್‌ಗೆ ಹಡಗಿನಲ್ಲಿ ಮೂರು ಗಂಟೆಯ ಮೇಲೆ, ಅಲ್ಲಿಂದ ಬಸ್ಸು. ಶುಕ್ರವಾರ ಒಂದು ಮ್ಯಾಚು, ಸೋಮವಾರ ಇನ್ನೊಂದು. ಶುಕ್ರವಾರದ ಆಟ ಆದ ಮೇಲೆ ನಮ್ಮ ಟೈಟ್‌ಹೆಡ್ (ಸ್ಕ್ರಮ್ಮಿನ ಬಲಗಡೆಯ) ಪ್ರಾಪ್ ಆ್ಯಪ್‌ನಲ್ಲಿ ಅಚ್ಚ ಹಸಿರು. ಸೋಮವಾರವೂ ಅವಳೇ ಶುರು ಮಾಡಲಿ ಅಂತ ಕೋಚ್ ಹೇಳಿದರು. ನಾನು ನೋಟ್‌ಬುಕ್ ತೆಗೆದೆ.

ನೋಟ್‌ಬುಕ್ಕಿನಲ್ಲಿ ಇರುವುದು ಇಷ್ಟೇ. ಆಟ ಮುಗಿದು ಅರ್ಧ ಗಂಟೆಗೆ ಒಬ್ಬೊಬ್ಬರನ್ನೇ ಕೇಳುತ್ತೇನೆ: ಸೊನ್ನೆಯಿಂದ ಹತ್ತರೊಳಗೆ ಎಷ್ಟು ಕಷ್ಟವಾಯಿತು? ಅವರು ಹೇಳಿದ ಅಂಕಿಯನ್ನು ಆಡಿದ ನಿಮಿಷಗಳಿಂದ ಗುಣಿಸುತ್ತೇನೆ. ಕಾರ್ಲ್ ಫಾಸ್ಟರ್ ಅನ್ನುವವರು ರೂಢಿಗೆ ತಂದ ಕ್ರಮ ಇದು, ಒಂದು ಪೆನ್ಸಿಲ್ ಬಿಟ್ಟರೆ ಬೇರೆ ಖರ್ಚಿಲ್ಲ. ಪಕ್ಕದಲ್ಲಿ ಎರಡು ಕಾಲಂ ನಾನೇ ಸೇರಿಸಿದ್ದು: ನಿದ್ದೆ, ಊಟ. ಇದು ನಮ್ಮಪ್ಪನಿಂದ ಬಂದದ್ದು. ಅಪ್ಪ ಅರಸೀಕೆರೆ ಕಡೆಯ ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರಾಗಿದ್ದರು. ತಾಲ್ಲೂಕು ಕ್ರೀಡಾಕೂಟಕ್ಕೆ ಹೊರಟಾಗ ಬಸ್ಸು ಹತ್ತಿಸುವ ಮುಂಚೆ ಪ್ರತಿ ಹುಡುಗನನ್ನೂ ನಿಲ್ಲಿಸಿ "ರಾತ್ರಿ ನಿದ್ದೆ ಬಂತೇನೋ? ಬೆಳಗ್ಗೆ ಏನ್ ತಿಂದೆ?" ಅಂತ ಕೇಳುವರು. ಏನೂ ತಿಂದಿಲ್ಲ ಅಂದವನಿಗೆ ಬಸ್‌ಸ್ಟ್ಯಾಂಡ್ ಹೋಟೆಲಿನಲ್ಲಿ ಎರಡು ಇಡ್ಲಿ ಕೊಡಿಸಿಯೇ ಓಡಿಸುತ್ತಿದ್ದರು.

ಆ ಪ್ರಾಪ್ ವೃದ್ಧಾಶ್ರಮದಲ್ಲಿ ಕೆಲಸ ಮಾಡುವವಳು. ಬುಧವಾರ, ಗುರುವಾರ ಎರಡೂ ರಾತ್ರಿ ಪಾಳಿ ಮುಗಿಸಿ ಸೀದಾ ಹಡಗಿಗೆ ಬಂದಿದ್ದಳು. ನಿದ್ದೆ ಕಾಲಂನಲ್ಲಿ 3 ಗಂಟೆ. ಕಷ್ಟ 9, ಆಡಿದ್ದು 60 ನಿಮಿಷ: 540. ಅವಳ ಮಾಮೂಲು ಭಾನುವಾರ 360 ದಾಟುತ್ತಿರಲಿಲ್ಲ. ಡಬ್ಬಿಗೆ ಆ ಎರಡು ರಾತ್ರಿ ಗೊತ್ತಿರಲಿಲ್ಲ, ಸ್ಕ್ರಮ್ಮಿನ ಭಾರವೂ ಗೊತ್ತಿರಲಿಲ್ಲ. ಕೋಚ್ ನೋಟ್‌ಬುಕ್ ಓದಿ, ಒಂದು ನಿಮಿಷ ಸುಮ್ಮನಿದ್ದು, ಒಪ್ಪಿದರು. ಸೋಮವಾರ ಅವಳನ್ನು ಕೊನೆಯ 25 ನಿಮಿಷಕ್ಕೆ ಮಾತ್ರ ಇಳಿಸಿದೆವು. ಮ್ಯಾಚು ಸೋತೆವು. ಆದರೆ ಯಾರೂ ಕುಂಟಿಕೊಂಡು ಹಡಗು ಹತ್ತಲಿಲ್ಲ, ಮಂಗಳವಾರ ಎಲ್ಲರೂ ಕೆಲಸಕ್ಕೆ ಹೋದರು. ನಮ್ಮಂಥ ತಂಡಕ್ಕೆ ಅದು ಚಿಕ್ಕ ಮಾತಲ್ಲ.

ಹಾಗಾದರೆ ಕೊಳ್ಳಬೇಕೋ ಬೇಡವೋ? ತಂಡದಲ್ಲಿ ಓಟದವರಿದ್ದು, ಗಾಯದಿಂದ ಮರಳುವವರನ್ನು ನೋಡಿಕೊಳ್ಳುವ ಫಿಸಿಯೋ ಅಥವಾ ಟ್ರೇನರ್ ಒಬ್ಬರಿದ್ದರೆ ಎರಡು ಕೊಳ್ಳಿ. ನಾಲ್ಕು ನಮಗೂ ಹೆಚ್ಚಾಯಿತು. ಇಪ್ಪತ್ತು ಕೊಳ್ಳುವ ದುಡ್ಡಿದ್ದರೆ ಅದನ್ನು ಒಬ್ಬ ಒಳ್ಳೆಯ ಸ್ಟ್ರೆಂತ್ ಕೋಚ್‌ಗೆ ಕೊಡಿ. ಹಾಕಿ, ಫುಟ್‌ಬಾಲ್ ತಂಡಕ್ಕೆ ರಗ್ಬಿಗಿಂತ ಇದು ಹೆಚ್ಚು ಒದಗುತ್ತದೆ, ಅಲ್ಲಿ ಓಟವೇ ಮುಖ್ಯ ಕೆಲಸ, ಸ್ಕ್ರಮ್ ಇಲ್ಲ. ಶಾಲೆಯ ಮಕ್ಕಳಿಗೆ ಖಂಡಿತ ಬೇಡ. ಹದಿಮೂರರ ಹುಡುಗಿಗೆ ತನ್ನ ವೇಗವನ್ನು ಪಕ್ಕದವಳ ವೇಗದ ಜೊತೆ ಹೋಲಿಸಿ ತೋರಿಸುವ ಪರದೆ ಒಳ್ಳೆಯದು ಮಾಡುವುದಿಲ್ಲ. ಮ್ಯಾಚಿನಲ್ಲೂ ಹಾಕಿಸುವ ಯೋಚನೆಯಿದ್ದರೆ ವರ್ಲ್ಡ್ ರಗ್ಬಿ ಒಪ್ಪಿದ ಮಾನದಂಡದ ಡಬ್ಬಿಯೇ ಹೌದಾ ಅಂತ ಮೊದಲು ವಿಚಾರಿಸಿ. ಬೆನ್ನಿನ ಮೇಲೆ ಬಿದ್ದಾಗ ಪೆಟ್ಟಾಗದಂಥ ಮೆತ್ತೆ ಜೇಬಿಗೆ ಇದೆಯಾ ಅಂತ ಕೈಯಿಂದ ಒತ್ತಿ ನೋಡಿ.

ಸೆಪ್ಟೆಂಬರ್‌ಗೆ ನಾವು ಎರಡಕ್ಕೆ ಮಾತ್ರ ಚಂದಾ ಕಟ್ಟುತ್ತಿದ್ದೇವೆ. ಮಿಕ್ಕೆರಡನ್ನು ಪಕ್ಕದ ಊರಿನ ಹಾಕಿ ಕ್ಲಬ್ಬಿಗೆ ಕೊಟ್ಟಾಯಿತು, ಅವರು ಸಂತೋಷದಿಂದ ಒಯ್ದರು. ಅವರಿಗೆ ಹೇಳಿ ಕಳಿಸಿದ್ದನ್ನೇ ನಿಮಗೂ ಹೇಳುತ್ತೇನೆ: ಬನಿಯನ್ನು ತಣ್ಣೀರಿನಲ್ಲಿ ಕೈಯಲ್ಲೇ ಒಗೆಯಿರಿ, ಮಷಿನ್ನಿನಲ್ಲಿ ಜೇಬಿನ ಹೊಲಿಗೆ ಬಿಡುತ್ತದೆ. ಡಬ್ಬಿಯ ಚಾರ್ಜಿಂಗ್ ಪಿನ್ನುಗಳನ್ನು ವಾರಕ್ಕೊಮ್ಮೆ ಒಣ ಟೂತ್‌ಬ್ರಷ್‌ನಿಂದ ಉಜ್ಜಿ. ಬೆವರಿನ ಉಪ್ಪು ಕಟ್ಟಿಕೊಂಡರೆ ರಾತ್ರಿಯಿಡೀ ಹಾಕಿಟ್ಟರೂ ಚಾರ್ಜ್ ಆಗಿರುವುದಿಲ್ಲ, ಅದು ನಿಮಗೆ ತಿಳಿಯುವುದು ಬೆಳಗ್ಗೆ ಮ್ಯಾಚಿಗೆ ಹೋದ ಮೇಲೆ.